ಬಾವಿಗೆ ಹಾರದವಳು

ಸರ್ವಮಂಗಳಾ ಬರೆದ ಮೊದಲ ಮೂರು ಕಥೆಗಳಲ್ಲಿ ಒಟ್ಟು ಐದು ಜನ ಸತ್ತರು. ಇಬ್ಬರು ಕ್ಷಯದಿಂದ, ಒಬ್ಬ ರೈಲಿಗೆ ಸಿಕ್ಕಿ, ಒಬ್ಬಳು ಎದೆಯೊಡೆದು, ಇನ್ನೊಬ್ಬಳು ಯಾವ ಕಾಯಿಲೆಯೂ ಇಲ್ಲದೆ ಹುಣ್ಣಿಮೆಯ ದಿನ ಸುಮ್ಮನೆ. ಮೂರು ಕಥೆಗಳೂ 'ಹೊಂಬೆಳಕು' ವಾರಪತ್ರಿಕೆಗೆ ಹೋದಷ್ಟೇ ಚೊಕ್ಕಟವಾಗಿ ವಾಪಸ್ಸು ಬಂದವು. ಪ್ರತಿ ಸಲವೂ ಹಿಂದಿನಿಂದಲೇ ಉಪಸಂಪಾದಕ ಸೇತುರಾಮನ ಒಂದು ಕಾರ್ಡು ಬರುತ್ತಿತ್ತು.

ಕಾರ್ಡಿನ ತೊಂದರೆ ಏನೆಂದರೆ ಅದಕ್ಕೆ ಮುಚ್ಚುಮರೆ ಇಲ್ಲ. ಅಂಚೆಯವನು ಅದನ್ನು ತಂದು ಜಗುಲಿಯ ಮೇಲೆ ಕೂತ ಮಾವ ಕರಿಬಸವಯ್ಯನವರ ಕೈಗೆ ಕೊಡುತ್ತಿದ್ದ. ಗುಬ್ಬಿಯ ಕಡೆಯ ಮಿಡ್ಲ್ ಸ್ಕೂಲಿನಲ್ಲಿ ಹೆಡ್‌ಮಾಸ್ಟರಾಗಿದ್ದು ನಿವೃತ್ತರಾಗಿ, ಜಯನಗರದ ಮೂರನೆಯ ಬ್ಲಾಕಿನಲ್ಲಿ ಮನೆ ಕಟ್ಟಿಕೊಂಡಿದ್ದ ಅವರಿಗೆ ಯಾವ ಕಾಗದವನ್ನೂ ಮನಸ್ಸಿನೊಳಗೆ ಓದಿ ಗೊತ್ತಿರಲಿಲ್ಲ. ಕೊನೆಯ ಬೆಂಚಿಗೂ ಕೇಳುವ ಹಾಗೆ ಓದುವರು.

"‘ಮಾನ್ಯ ಸೋದರಿ, ನಿಮ್ಮ ನಾಯಕಿ ಆರನೆಯ ಪುಟದಿಂದ ಅಳುತ್ತಿದ್ದಾಳೆ. ಯಾಕೆಂದು ಹನ್ನೆರಡನೆಯ ಪುಟದವರೆಗೂ ನನಗೆ ತಿಳಿಯಲಿಲ್ಲ. ನೀವು ಅರಮನೆಯನ್ನು ಒಳಗಿನಿಂದ ನೋಡಿದ್ದೀರಾ? ಇಲ್ಲವಾದರೆ ನೋಡಿದ ಅಡುಗೆಮನೆಯನ್ನು ಬರೆಯಿರಿ.’ ಏನು ಧಿಮಾಕು ನೋಡು ಇವನಿಗೆ! ಸೊಸೆಗೆ ಅಡುಗೆಮನೆ ನೋಡ್ಕೋ ಅಂತಾನೆ."

"ಅವನು ಹೇಳೋದ್ರಲ್ಲಿ ತಪ್ಪೇನಿದೆ?" ಎಂದ ಸರ್ವಮಂಗಳೆಯ ಗಂಡ ರೇವಣಸಿದ್ದಯ್ಯ, ಕಚೇರಿಗೆ ಹೊರಟವನು. "ನನ್ನ ಷರಟಿಗೆ ಗುಂಡಿ ಇಲ್ದೆ ಹದಿನೈದು ದಿನ ಆಯ್ತು. ಪಿನ್ನು ಹಾಕ್ಕೊಂಡು ಹೋಗ್ತಿದೀನಿ."

"ಗುಂಡಿ ಯಾರು ಬೇಕಾದ್ರೂ ಹಾಕ್ತಾರೆ. ಕಥೆ ಯಾರು ಬೇಕಾದ್ರೂ ಬರೀತಾರೇನೋ?" ಎಂದರು ಮಾವ. "ಮಂಗಳಾ, ನೀನು ಎದೆಗುಂದಬೇಡ. ಮುಂದಿನ ಕಥೆಯಲ್ಲಿ ಒಂದು ನೀತಿ ಇಟ್ಟು ಬರಿ. ನೀತಿ ಇಲ್ಲದ ಕಥೆ ಉಪ್ಪಿಲ್ಲದ ಸಾರು."

ಇಂಥ ಮಾವ ಸಿಕ್ಕಿದ್ದು ಪುಣ್ಯ ಎಂದು ಬೀದಿಯ ಹೆಂಗಸರೆಲ್ಲ ಹೇಳುತ್ತಿದ್ದರು. ಅದು ನಿಜವೂ ಹೌದು. ಆದರೆ ಅವಳಿಗೆ ಬರೆಯಲು ಹೊತ್ತು ಮಾಡಿಕೊಡುತ್ತಿದ್ದವರು ಮಾವನಲ್ಲ, ಅತ್ತೆ ಶಿವಬಸಮ್ಮ. ಮಧ್ಯಾಹ್ನ ಊಟವಾದ ಮೇಲೆ ನಾಲ್ಕು ಗಂಟೆಗೆ ನಲ್ಲಿಯಲ್ಲಿ ನೀರು ಬರುವತನಕ ಎರಡು ಗಂಟೆ ಬಿಡುವು. ಸೊಸೆ ನೋಟುಬುಕ್ಕು ತೆಗೆದಳೆಂದರೆ ಅತ್ತೆ ಮಾತಿಲ್ಲದೆ ಎದ್ದು ತಾವೇ ಪಾತ್ರೆಗೆ ಕೈಹಾಕುವರು, ಹೊಟ್ಟಿನ ಒಲೆಗೆ ಹೊಟ್ಟು ತುಂಬುವರು. ಅವರಿಗೆ ಓದು ಬಾರದು. "ಅದೇನೋ ಬರೀತಾಳೆ, ಬರೀಲಿ ಬಿಡು, ಬಾಯಿ ಮಾಡೋದಕ್ಕಿಂತ ವಾಸಿ," ಎಂದು ಮಗಳು ಉಮಾಮಹೇಶ್ವರಿಗೆ ಹೇಳುವರು. ಕಾಲೇಜಿಗೆ ಹೋಗುವ ಉಮಾ ಅತ್ತಿಗೆಯ ಮೊದಲ ಓದುಗಾರ್ತಿ, ಐದು ಸಾವಿಗೂ ಕಣ್ಣೀರು ಹಾಕಿದವಳು.

ಅರುವತ್ತನಾಲ್ಕನೆಯ ಇಸವಿಯ ಆಷಾಢ. ರೇಷನ್ ಅಕ್ಕಿಯಲ್ಲಿ ಅಕ್ಕಿಗಿಂತ ಕಲ್ಲೇ ಹೆಚ್ಚು. ಅತ್ತೆ ಸೊಸೆ ಇಬ್ಬರೂ ಹಿತ್ತಲ ಬಾಗಿಲಲ್ಲಿ ಮೊರ ಇಟ್ಟುಕೊಂಡು ಕಲ್ಲು ಆರಿಸುತ್ತ ಕೂತಿದ್ದರು.

"ಅಡುಗೆಮನೆ ಬರೆಯಿರಿ ಅಂತಾನಲ್ಲ ಅತ್ತೆ, ಏನಿದೆ ಬರಿಯೋಕೆ? ಹುಟ್ಟಿದೆ, ಓದಿದೆ, ಮದುವೆಯಾಯ್ತು, ಅಕ್ಕಿ ಆರಿಸ್ತಿದೀನಿ. ನನ್ನ ಜೀವನದಲ್ಲಿ ಏನೂ ನಡೆದೇ ಇಲ್ಲ."

ಶಿವಬಸಮ್ಮ ನಕ್ಕರು. "ನಡೀದೆ ಇರೋದು ಒಳ್ಳೇದು ಕಣೇ. ನನಗೆ ನಡೀತು ನೋಡು, ಒಂದು ತಿಂಗಳು ಅನ್ನ ಗಂಟಲಲ್ಲಿ ಇಳೀಲಿಲ್ಲ."

ಆಮೇಲೆ ಅವರು ಹೇಳಿದ್ದು ಇದು. ಅವರಿಗಾಗ ಹದಿನಾರು, ಮದುವೆಯಾಗಿ ಆರು ತಿಂಗಳು. ಗಂಡನ ಮನೆ ಜಂಗಮರ ಮನೆ, ಮಡಿ ಆಚಾರ ಹೇಳತೀರದು. ಇಷ್ಟಲಿಂಗ ಕೊರಳಲ್ಲಿ ಇಲ್ಲದವರು ಆ ಮನೆಯ ಹೊಸ್ತಿಲು ದಾಟಿ ಅಡುಗೆಮನೆಗೆ ಕಾಲಿಡುವ ಹಾಗಿಲ್ಲ. ಒಂದು ಬೆಳಿಗ್ಗೆ ಸ್ನಾನ ಮಾಡಿ, ಲಿಂಗವಿಡುವ ಕರಡಿಗೆ ತೊಳೆಯಲೆಂದು ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಸೆರಗಿಗೆ ಕಟ್ಟಿಕೊಂಡು ಬಾವಿಗೆ ಬಗ್ಗಿದ್ದಾರೆ. ಗಂಟು ಸಡಿಲಾಗಿತ್ತು. ಲಿಂಗ ಬಾವಿಗೆ ಬಿತ್ತು.

"ಕಿರುಚಲಿಲ್ವಾ ಅತ್ತೆ?"

"ಕಿರುಚಿದ್ರೆ ಜನ ಬರ್ತಿರ್ಲಿಲ್ವಾ? ಬಚ್ಚಲ ಹತ್ರ ಅಂಟುವಾಳದ ಬೀಜ ಬಿದ್ದಿತ್ತು. ಕರ್ರಗೆ, ಉಂಡುಂಡೆ. ಅದನ್ನೇ ಬಟ್ಟೇಲಿ ಸುತ್ತಿ ಕರಡಿಗೇಲಿ ಇಟ್ಕೊಂಡೆ. ಇಪ್ಪತ್ತೇಳು ದಿನ ಗೋಡೆ ಕಡೆ ಮುಖ ಮಾಡ್ಕೊಂಡು ಅದಕ್ಕೇ ವಿಭೂತಿ ಹಚ್ಚಿದೆ, ಪತ್ರೆ ಏರಿಸ್ದೆ. ಗೌರಿ ಹಬ್ಬಕ್ಕೆ ತೌರಿಗೆ ಹೋದಾಗ ಅವ್ವನ ಕಿವೀಲಿ ಹೇಳ್ದೆ. ಮಠದ ಅಯ್ನೋರು ಮುದುಕರು, ಒಳ್ಳೇವರು. ಬೇರೆ ಲಿಂಗ ಕಟ್ಟಿ ಕಳಿಸಿದ್ರು."

"ಮಾವನಿಗೆ?"

"ನಲವತ್ತು ವರ್ಷ ಆಯ್ತು. ಅವರಿಗೆ ಗೊತ್ತಿಲ್ಲ. ಯಾರಿಗೂ ಗೊತ್ತಿಲ್ಲ. ನಮ್ಮವ್ವ ಸತ್ಲು, ಅಯ್ನೋರು ಸತ್ರು. ಈಗ ನಿನಗೆ ಗೊತ್ತು. ಇದು ಇಲ್ಲೇ ಇರ್ಲಿ ಮಂಗಳಾ."

"ಇಲ್ಲೇ ಇರುತ್ತೆ ಅತ್ತೆ," ಎಂದಳು ಸರ್ವಮಂಗಳಾ. ಹೇಳುವಾಗ ಅವಳ ಮನಸ್ಸಿನಲ್ಲಿ ಸುಳ್ಳಿರಲಿಲ್ಲ. ಮೂರು ದಿನ ಆ ಮಾತಿಗೆ ನಿಂತಳು. ನಾಲ್ಕನೆಯ ದಿನ ನೋಟುಬುಕ್ಕು ತೆಗೆದು, ಬರೀ ಕೈ ಪಳಗಿಸಿಕೊಳ್ಳುವುದಕ್ಕೆ ಎಂದು ತನಗೇ ಹೇಳಿಕೊಂಡು, ಬಾವಿಯ ಕಟ್ಟೆಯಿಂದ ಶುರು ಮಾಡಿದಳು.

ಮೊದಲ ಸಲ ಬರೆದಾಗ ಹುಡುಗಿ ಎರಡು ಪುಟ ಅತ್ತಳು. ಓದಿ ನೋಡಿದರೆ ಹಳೆಯ ಮೂರು ಕಥೆಗಳ ನಾಯಕಿಯರೇ ಬಾವಿಯ ಹತ್ತಿರ ಬಂದು ನಿಂತ ಹಾಗಿತ್ತು. ಅತ್ತೆ ಹೇಳುವಾಗ ಅತ್ತಿರಲಿಲ್ಲ, ನಡುವೆ ಒಂದು ಸಲ ನಕ್ಕಿದ್ದರು ಕೂಡ. ಸರ್ವಮಂಗಳಾ ಎರಡು ಪುಟ ಅಳು ಹೊಡೆದು ಹಾಕಿದಳು. ಆಮೇಲೆ ವಿಧಿಯ ಮೇಲಿದ್ದ ಆರು ಸಾಲು ಹೋಯಿತು. ಹುಡುಗಿ ಏನು ಅಂದುಕೊಂಡಳು ಎಂದು ಬರೆದ ಕಡೆಯೆಲ್ಲ ಅವಳ ಕೈ ಏನು ಮಾಡಿತು ಎಂದು ಬರೆದಳು. ಲಿಂಗ ಬಿದ್ದಾಗ ಎಂಥ ಸದ್ದು ಬಂದಿರಬಹುದು ಎಂದು ಒಂದು ದಿನವೆಲ್ಲ ತಲೆ ಕೆಡಿಸಿಕೊಂಡು, ಸಾರು ಸೀದು ಹೋಗಿ, ಕೊನೆಗೆ ಪಕ್ಕದ ಮನೆಯ ಬಾವಿಗೆ ಹೋಗಿ ಒಂದು ಹುಣಸೇಬೀಜ ಹಾಕಿ ಕಿವಿಗೊಟ್ಟು ನಿಂತಳು.

"ಏನಮ್ಮಾ, ಬಾವಿ ಹತ್ರ ಒಬ್ಳೇ ಏನ್ ಮಾಡ್ತಿದೀಯಾ?" ಎಂದು ಆ ಮನೆಯ ಕಮಲಾದೇವಿ ಗಾಬರಿಯಿಂದ ಓಡಿ ಬಂದರು. "ಮನೇಲಿ ಏನಾದ್ರೂ ಜಗಳಾನಾ?"

"ಇಲ್ಲ ಆಂಟಿ, ಸದ್ದು ಕೇಳ್ತಿದ್ದೆ."

ಸದ್ದೇ ಬಂದಿರಲಿಲ್ಲ. ಅಷ್ಟು ಸಣ್ಣ ವಸ್ತುವಿಗೆ ಬಾವಿ ಸದ್ದು ಮಾಡುವುದಿಲ್ಲ. ಮನೆಗೆ ಬಂದು ಅದನ್ನೇ ಬರೆದಳು, ಏನೂ ಕೇಳಿಸಲಿಲ್ಲ ಎಂದು. ಬರೆಯುವುದೆಂದರೆ ಇದು ಎಂದು ಅವಳಿಗೆ ಮೊದಲ ಸಲ ಗೊತ್ತಾದದ್ದು ಆವತ್ತು. ಅಂಥ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಆ ಸಂತೋಷದಲ್ಲಿ ಕೊಟ್ಟ ಮಾತು ಎಲ್ಲಿ ಹೋಯಿತೋ ಅವಳಿಗೆ ತಿಳಿಯಲಿಲ್ಲ, ತಿಳಿಯಲು ಅವಳು ಹುಡುಕಲೂ ಇಲ್ಲ.

ನಾಲ್ಕನೆಯ ಸಲ ಬರೆಯುವ ಹೊತ್ತಿಗೆ ಕಳಿಸದೆ ಇರುವುದು ಅವಳ ಕೈಮೀರಿತ್ತು. ಊರು ಬದಲಾಯಿಸಿದಳು. ಜಂಗಮರ ಮನೆಯನ್ನು ಬೇಸಾಯದವರ ಮನೆ ಮಾಡಿದಳು. ಹುಡುಗಿಗೆ ಗಿರಿಜೆ ಎಂದು ಹೆಸರಿಟ್ಟಳು. ಇಷ್ಟಾದರೂ ಗಿರಿಜೆ ತೌರಿಗೆ ಹೋಗಿ ಬೇರೆ ಲಿಂಗ ಕಟ್ಟಿಸಿಕೊಂಡು ಬಂದರೆ ಆಮೇಲೆ ನಲವತ್ತು ವರ್ಷ ಬದುಕಿ, ಈ ಮನೆಯ ಒಲೆಯ ಮುಂದೆ ಕೂತ ಶಿವಬಸಮ್ಮನೇ ಆಗಿಬಿಡುತ್ತಾಳೆ. ಸತ್ತವಳಾದರೆ ಯಾರಿಗೂ ಅನುಮಾನ ಬಾರದು. ಹೀಗೆ ಯೋಚಿಸಿ ಸರ್ವಮಂಗಳಾ ಗಿರಿಜೆಯನ್ನು ಬಾವಿಯ ಕಟ್ಟೆ ಹತ್ತಿಸಿದಳು. ಅತ್ತೆಯ ಮಾನ ಉಳಿಸಿದೆ ಎಂದು ಸಮಾಧಾನವೂ ಆಯಿತು. ಅಂಚೆಗೆ ಹಾಕಿ ಬಂದಳು.

ಶ್ರಾವಣದ ಕೊನೆಗೆ ಕಾರ್ಡು ಬಂತು. ಮಾವ ಎದ್ದು ನಿಂತು ಓದಿದರು.

"‘ಮಾನ್ಯ ಸೋದರಿ, ಕಥೆ ಹಾಕುತ್ತಿದ್ದೇವೆ. ಬಾವಿಗೆ ಹಾರುವುದೊಂದು ಬಿಟ್ಟು ಉಳಿದದ್ದೆಲ್ಲ ನೀವು ಕಂಡದ್ದು. ಆ ಕೊನೆ ಬೇರೆ ಯಾರದೋ ಕಥೆಯಿಂದ ಬಂದ ಹಾಗಿದೆ. ತಿದ್ದಿಸಲು ಸಮಯವಿಲ್ಲ.’ ಹಾಕ್ತಿದಾನೆ! ಹಾಕ್ತಿದಾನಂತೆ ಕಣಮ್ಮಾ!" ಎಂದು ಮನೆಗೆಲ್ಲ ಕೇಳಿಸಿ, ಮತ್ತೆ ಕಾರ್ಡು ನೋಡಿದರು. "ಕಂಡದ್ದು ಅಂತಾನಲ್ಲ? ಎಲ್ಲಿ ಕಂಡೆ?"

"ಕಂಡದ್ದಲ್ಲ ಮಾವ, ಕೇಳಿದ್ದು. ನಮ್ಮ ತೌರಿನ ಕಡೆ," ಎಂದಳು. ಅಡುಗೆಮನೆಯಲ್ಲಿ ಅತ್ತೆ ಅವಳಿಗೆಂದೇ ಕಾಯಿಹೋಳಿಗೆಗೆ ಕಣಕ ನಾದುತ್ತಿದ್ದರು. ಯಾವ ಕಥೆ, ಏನು ಎಂದು ಕೇಳಲಿಲ್ಲ. ಸೊಸೆಯ ಕಥೆ ಬಂತು ಎನ್ನುವುದೇ ಅವರಿಗೆ ಸಾಕಾಗಿತ್ತು. ಆವತ್ತು ಆ ಹೋಳಿಗೆ ತಿನ್ನುವುದು ಸರ್ವಮಂಗಳೆಗೆ ಬಹಳ ಕಷ್ಟವಾಯಿತು.

ಗೌರಿ ಹಬ್ಬ ಕಳೆದ ಮೇಲೆ ಒಂದು ಶನಿವಾರ ಪತ್ರಿಕೆ ಬಂತು. ಭಾನುವಾರ ಎಣ್ಣೆನೀರಾದ ಮೇಲೆ ನಡುಮನೆಯಲ್ಲಿ ಕೂತು ಉಮಾ ವಾರಪತ್ರಿಕೆಯನ್ನು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು ಆ ಮನೆಯ ರೂಢಿ. ಸರ್ವಮಂಗಳಾ ಬೇಡವೆಂದಳು. ನಾಚಿಕೆ ಎಂದಳು, ತಲೆನೋವು ಎಂದಳು. ಯಾರು ಕೇಳುತ್ತಾರೆ? ಮಾವ ಹೊಸ ಪಂಚೆ ಉಟ್ಟು ಕುರ್ಚಿಯಲ್ಲಿ ಕೂತಾಗಿತ್ತು. ರೇವಣಸಿದ್ದಯ್ಯ ಕೂಡ, ಕಚೇರಿಯಲ್ಲಿ ಹೇಳಿಕೊಳ್ಳಬಹುದೆಂದು, ಗಂಭೀರವಾಗಿ ಬಂದು ಕಂಬಕ್ಕೆ ಒರಗಿದ್ದ. ಅತ್ತೆ ಹುರುಳಿಕಾಯಿಯ ನಾರು ತೆಗೆಯುತ್ತ ಬಾಗಿಲ ಹತ್ತಿರ ಕೂತರು.

ಉಮಾ ಓದತೊಡಗಿದಳು. ಬಾವಿ ಬಂತು. ಸೆರಗಿನ ಗಂಟು ಬಂತು. ಅತ್ತೆಯ ಕೈ ನಿಂತಿತು. ಅಂಟುವಾಳದ ಬೀಜ ಬಂದಾಗ ಶಿವಬಸಮ್ಮ ತಲೆಯೆತ್ತಿ ಸೊಸೆಯ ಕಡೆ ನೋಡಿದರು. ಸಿಟ್ಟಿನ ನೋಟವಲ್ಲ. ತನ್ನ ಟ್ರಂಕಿನಲ್ಲಿ ಇಟ್ಟ ಸೀರೆಯನ್ನು ಬೀದಿಯಲ್ಲಿ ಇನ್ನೊಬ್ಬಳು ಉಟ್ಟಿದ್ದು ಕಂಡರೆ ಹೇಗೆ ನೋಡುತ್ತಾರೋ ಹಾಗೆ. ಆಮೇಲೆ ತಲೆ ತಗ್ಗಿಸಿ ಮತ್ತೆ ಹುರುಳಿಕಾಯಿಗೆ ಕೈಹಾಕಿದರು. ಕೊನೆಯವರೆಗೂ ಸುಮ್ಮನಿರುತ್ತಿದ್ದರೋ ಏನೋ. ಉಮಾ ಮುಂದೆ ಓದಿದಳು.

"‘... ಗಿರಿಜೆ ಬಾವಿಯ ಕಟ್ಟೆಯನ್ನು ಹತ್ತಿದಳು. ಕೆಳಗಿನ ಕತ್ತಲೆಯಿಂದ ಅವಳ ಲಿಂಗ ಅವಳನ್ನು ಕರೆಯುತ್ತಿತ್ತು. ಅವಳು ಹಿಂತಿರುಗಿ ನೋಡಲಿಲ್ಲ.’ ಮುಗೀತು."

"ಭೇಷ್!" ಎಂದರು ಕರಿಬಸವಯ್ಯ. ಅವರ ಕಣ್ಣು ಒದ್ದೆಯಾಗಿತ್ತು. "ಅವನಿಗೇನು ಗೊತ್ತು, ಆ ಸೇತುರಾಮನಿಗೆ? ಕೊನೆಯೇ ಕಥೆಯ ಪ್ರಾಣ. ತಪ್ಪು ಮಾಡಿದ್ಲು, ಶಿಕ್ಷೆ ತಾನೇ ಕೊಟ್ಕೊಂಡ್ಲು. ಲಿಂಗ ಹೋದ ಮೇಲೆ ಜೀವ ಹಿಡ್ಕೊಂಡು ಇರೋದು ಹೆಂಗೆ? ಹಿಂದಿನ ಹೆಣ್ಣುಮಕ್ಕಳು ಅಂದ್ರೆ ಹಂಗಿದ್ರು."

"ಆ ಹುಡುಗಿ ಸಾಯ್ಲಿಲ್ಲ," ಎಂದರು ಶಿವಬಸಮ್ಮ.

"ಸತ್ಲು ಅಮ್ಮ, ಬಾವಿಗೆ ಹಾರಿದ್ಲಲ್ಲ," ಎಂದಳು ಉಮಾ.

"ಸಾಯ್ಲಿಲ್ಲ ಅಂತ ಹೇಳ್ತಿದೀನಿ. ಯಾಕೆ ಸಾಯ್ಬೇಕು? ಇಪ್ಪತ್ತೇಳು ದಿನ ಆ ಬೀಜಕ್ಕೇ ಪೂಜೆ ಮಾಡಿದ್ಲು. ತೌರಿಗೆ ಹೋಗಿ ಮಠದ ಅಯ್ನೋರ ಕೈಲಿ ಬೇರೆ ಲಿಂಗ ಕಟ್ಟಿಸ್ಕೊಂಡ್ಲು. ಮೂರು ಹೆತ್ಲು, ಒಂದನ್ನ ಕಳ್ಕೊಂಡ್ಲು. ಇಲ್ಲೇ ಕೂತಿದೀನಿ, ಹುರುಳಿಕಾಯಿ ಬಿಡಿಸ್ಕೊಂಡು."

ಉಮಾ ಪತ್ರಿಕೆಯನ್ನು ಮಡಚಿದಳು, ಮತ್ತೆ ಬಿಡಿಸಿದಳು. ಕರಿಬಸವಯ್ಯ ಹಾಜರಿ ಕರೆಯುವ ದನಿಯಲ್ಲಿ ಕೇಳಿದರು.

"ಯಾವ ವರ್ಷ?"

"ಮದುವೆಯಾದ ವರ್ಷ. ಶ್ರಾವಣ."

"ಆ ಶ್ರಾವಣದಲ್ಲಿ ನಮ್ಮಪ್ಪ ಗಣಾರಾಧನೆ ಮಾಡಿಸಿದ್ರು. ನಲವತ್ತು ಜನ ಜಂಗಮರು ಪಂಕ್ತೀಲಿ ಕೂತಿದ್ರು. ನೀನೇ ಬಡಿಸಿದೆ."

"ಬಡಿಸ್ದೆ. ಎಲ್ಲರೂ ಹೊಟ್ಟೆ ತುಂಬ ಉಂಡ್ರು."

ಮಾವ ಎದ್ದು ಕೋಣೆಗೆ ಹೋದರು. ಆವತ್ತಿನ ಪಲ್ಯ ಅವರು ಮುಟ್ಟಲಿಲ್ಲ. ಸಂಜೆ ಸೊಸೆಯನ್ನು ಕರೆದು, ಗೋಡೆಯ ಕ್ಯಾಲೆಂಡರು ನೋಡುತ್ತ, "ಮಂಗಳಾ, ಇನ್ನು ಮೇಲೆ ನನಗೆ ನೀನು ಮಾಡಿ ನೀನೇ ಬಡಿಸು," ಎಂದರು.

"ಮಾವ, ಅದು ನಲವತ್ತು ವರ್ಷದ ಹಿಂದಿನ ಮಾತು. ಆಮೇಲೆ ದೀಕ್ಷೆ ಆಗಿದೆಯಲ್ಲ?"

"ಲಿಂಗದ ಮಾತಲ್ಲಮ್ಮಾ," ಎಂದು ಶುರುಮಾಡಿ, ಯಾವುದರ ಮಾತು ಎಂದು ಅವರಿಗೂ ಹೇಳಲಾಗದೆ, ಮತ್ತೆ ಕ್ಯಾಲೆಂಡರಿನ ಕಡೆ ತಿರುಗಿದರು.

ಅಲ್ಲಿಂದ ಮನೆಯ ಲಯ ತಪ್ಪಿತು. ಬೆಳಗಿನ ಉಪ್ಪಿಟ್ಟಿನಿಂದ ರಾತ್ರಿಯ ಮುದ್ದೆಯವರೆಗೆ ಎಲ್ಲವೂ ಸರ್ವಮಂಗಳೆಯ ತಲೆಗೆ ಬಂತು. ಶಿವಬಸಮ್ಮ ಒಲೆಯ ಹತ್ತಿರ ಬರುವುದನ್ನೇ ಬಿಟ್ಟರು. ನಲವತ್ತು ವರ್ಷ ಒಂದು ಘಳಿಗೆ ಕೂತು ಗೊತ್ತಿಲ್ಲದ ಹೆಂಗಸು ಹಿತ್ತಲ ಮೆಟ್ಟಿಲ ಮೇಲೆ ಕೈಮೇಲೆ ಕೈಯಿಟ್ಟು ಕೂತಿರುವುದನ್ನು ನೋಡಲಾಗುತ್ತಿರಲಿಲ್ಲ. ಕರೆದರೆ ಬರುವರು, ತೆಂಗಿನಕಾಯಿ ತುರಿ ಎಂದರೆ ತುರಿದು ಕೊಡುವರು, ಮತ್ತೆ ಹೋಗಿ ಕೂರುವರು.

ರೇವಣಸಿದ್ದಯ್ಯ ಮೂರನೆಯ ದಿನ ಊಟಕ್ಕೆ ಕೂತವನು ತುತ್ತು ಕೆಳಗಿಟ್ಟ.

"ನಿನಗೆ ಬರಿಯೋಕೆ ನಮ್ಮಮ್ಮನೇ ಬೇಕಿತ್ತಾ? ಪ್ರಪಂಚದಲ್ಲಿ ಬೇರೆ ಹೆಂಗಸರು ಸಿಗಲಿಲ್ವಾ?"

"ಹೆಸರು ಬದಲಾಯಿಸಿದ್ದೆ ರೀ."

"ಹೆಸರು ಬದಲಾಯಿಸಿದಳಂತೆ! ಆ ನೋಟುಬುಕ್ಕು ಒಲೆಗೆ ಹಾಕು. ಪೆನ್ನು ಕೊಡು ಇಲ್ಲಿ. ಇನ್ನು ಈ ಮನೇಲಿ ಪೆನ್ನು ಹಿಡಿಯೋದು ಹಾಲಿನ ಲೆಕ್ಕಕ್ಕೆ ಮಾತ್ರ."

ಪೆನ್ನು ಅವನೇ ಜೇಬಿಗೆ ಸಿಕ್ಕಿಸಿಕೊಂಡು ಕಚೇರಿಗೆ ಒಯ್ದ. ಗಂಡನ ಕೂಗಾಟಕ್ಕೆ ಅವಳು ಉತ್ತರ ಕೊಡಬಲ್ಲಳು, ಆರು ವರ್ಷದಿಂದ ಕೊಡುತ್ತಲೇ ಬಂದಿದ್ದಳು. ಅವಳನ್ನು ಚುಚ್ಚಿದ್ದು ಉಮಾ ಮೆಲ್ಲಗೆ ಕೇಳಿದ ಮಾತು.

"ಅತ್ತಿಗೆ, ಅಮ್ಮನ್ನ ಒಂದು ಮಾತು ಕೇಳಿದ್ರಾ, ಬರೀಲಾ ಅಂತ?"

"ಇಲ್ಲ."

"ನಾನು ನಿಮಗೆ ಎಷ್ಟೊಂದು ಹೇಳಿದೀನಿ," ಎಂದಳು ಉಮಾ. ಆವತ್ತಿನಿಂದ ಸರ್ವಮಂಗಳಾ ಕೋಣೆಗೆ ಬಂದರೆ ಉಮಾ ಓದುತ್ತಿದ್ದ ಕಾಗದವನ್ನು ಪುಸ್ತಕದೊಳಗೆ ಇಡುವಳು. ಸುದ್ದಿ ಹೇಗೋ ಹಬ್ಬಿ, ಬೀದಿಯ ಹೆಂಗಸರೂ ಅವಳು ಹೋದ ಕಡೆ ತರಕಾರಿಯ ರೇಟು ಮಾತ್ರ ಮಾತಾಡುವರು. ಬರೆಯುವುದನ್ನು ಕಲಿತದ್ದೇ ತಡ, ಅವಳ ಕಿವಿಗೆ ಯಾವ ಮಾತೂ ಬೀಳದ ಹಾಗಾಯಿತು.

ಒಂದು ವಾರ ಕಳೆದ ಮೇಲೆ ಅವಳು ಹಿತ್ತಲ ಮೆಟ್ಟಿಲಿಗೆ ಹೋಗಿ ಅತ್ತೆಯ ಪಕ್ಕದಲ್ಲಿ ಕೂತಳು.

"ತಪ್ಪಾಯ್ತು ಅತ್ತೆ. ಇಲ್ಲೇ ಇರುತ್ತೆ ಅಂತ ಮಾತು ಕೊಟ್ಟಿದ್ದೆ."

ಶಿವಬಸಮ್ಮ ಸೆರಗು ಸರಿಮಾಡಿಕೊಂಡರು. "ಓದೋಕೆ ಶುರು ಮಾಡಿದಾಗ ನನ್ನ ಎದೆ ಹೊಡ್ಕೊಳ್ತು. ಆಮೇಲೆ ಕೇಳ್ತಾ ಕೇಳ್ತಾ, ಹೌದು, ಹಿಂಗೇ ಆಗಿತ್ತು ಅನ್ನಿಸ್ತು. ಸದ್ದು ಬರ್ಲಿಲ್ಲ ಅಂತ ಬರೆದಿದೀಯಲ್ಲ, ನಾನು ಅದು ನಿನಗೆ ಹೇಳೇ ಇರ್ಲಿಲ್ಲ. ಹೆಂಗೆ ಗೊತ್ತಾಯ್ತು ಇವಳಿಗೆ ಅಂದ್ಕೊಂಡೆ."

ಸರ್ವಮಂಗಳೆಗೆ ಅಳು ಬಂತು. ಆ ಹೊಗಳಿಕೆಗಾಗಿ ಮನಸ್ಸು ಹಿಗ್ಗಿತು, ಹಿಗ್ಗಿದ್ದಕ್ಕೆ ನಾಚಿಕೆಯೂ ಆಯಿತು.

"ಅಷ್ಟು ಗೊತ್ತಿದ್ದೋಳು ಕೊನೇಲಿ ಯಾಕೆ ಸಾಯಿಸ್ದೆ? ನಾನು ಬದುಕಿದ್ದು ನಿನಗೆ ಸಣ್ಣದಾಯ್ತಾ?"

"ಅಯ್ಯೋ ಅತ್ತೆ, ನೀವು ಅಂತ ಯಾರಿಗೂ ಗೊತ್ತಾಗಬಾರದು ಅಂತ..."

"ಗೊತ್ತಾಗಬಾರದು ಅಂದಿದ್ರೆ ಬರೀಬಾರ್ದಿತ್ತು. ಬರೆದ ಮೇಲೆ ಇದ್ದದ್ದು ಬರೀಬೇಕಿತ್ತು. ನೀನು ಎರಡೂ ಮಾಡ್ಲಿಲ್ಲ. ಅವರು ಭೇಷ್ ಅಂದ್ರು ನೋಡು, ಸತ್ಲು ಅಂದಿದ್ದಕ್ಕೆ. ಆ ಭೇಷ್ ನನಗೆ ತಡಕೊಳ್ಳೋಕಾಗ್ಲಿಲ್ಲ."

ಇಷ್ಟು ಹೇಳಿ ಅವರು ಎದ್ದು ಬಟ್ಟೆ ತೆಗೆಯಲು ಹೋದರು.

ಆ ತಿಂಗಳಲ್ಲೇ ಸೇತುರಾಮನ ಇನ್ನೊಂದು ಕಾರ್ಡು ಬಂತು. ಕರಿಬಸವಯ್ಯ ಅದನ್ನು ಓದಲಿಲ್ಲ. ಬರೆದ ಬದಿ ಕೆಳಗಾಗುವಂತೆ ಹಿಡಿದು ತಂದು ಸೊಸೆಯ ಮುಂದೆ ಇಟ್ಟು ಹೋದರು. ದೀಪಾವಳಿ ಸಂಚಿಕೆಗೆ ಇನ್ನೊಂದು ಕಥೆ ಬೇಕು, ಈ ಸಲ ಕೊನೆಗೆ ಅವಸರ ಮಾಡಬೇಡಿ ಎಂದು ಅದರಲ್ಲಿತ್ತು. ಸರ್ವಮಂಗಳಾ ಅದನ್ನು ಮಸಾಲೆ ಡಬ್ಬದ ಹಿಂದೆ ಇಟ್ಟಳು. ದಿನಕ್ಕೆ ನಾಲ್ಕು ಸಲ ಡಬ್ಬ ತೆಗೆಯುವಾಗ ಕಣ್ಣಿಗೆ ಬೀಳುತ್ತಿತ್ತು.

ಮಹಾಲಯದ ಹೊತ್ತಿಗೆ ಅವಳಿಗೆ ಜ್ವರ ಬಂತು. ಒಬ್ಬಳೇ ಒಲೆಯ ಮುಂದೆ ಬೆಂದು, ಮಳೆಯಲ್ಲಿ ನಲ್ಲಿಯ ನೀರು ಹೊತ್ತು, ಬರದೆ ಏನು ಮಾಡೀತು? ಉಮಾಳಿಗೆ ಪರೀಕ್ಷೆ. ಶಿವಬಸಮ್ಮ ಯಾರನ್ನೂ ಕೇಳದೆ ಸೆರಗು ಸಿಕ್ಕಿಸಿ ಅಡುಗೆಮನೆಗೆ ಬಂದರು. ಗಂಜಿ ಮಾಡಿ ಸೊಸೆಗೆ ಕುಡಿಸಿದರು, ಮಗನಿಗೆ ಡಬ್ಬಿ ಕಟ್ಟಿದರು. ಕರಿಬಸವಯ್ಯ ಎರಡು ದಿನ ಅವಲಕ್ಕಿ ನೆನೆಸಿಕೊಂಡು, ಬಾಳೆಹಣ್ಣು ತಿಂದುಕೊಂಡು ಇದ್ದರು. ಅರುವತ್ತೆರಡರ ಮನುಷ್ಯ, ಮುಖ ಇಳಿದು ಹೋಯಿತು.

ಮೂರನೆಯ ಮಧ್ಯಾಹ್ನ ಜ್ವರ ಬಿಟ್ಟು ಸರ್ವಮಂಗಳಾ ಅಡುಗೆಮನೆಯ ಗೋಡೆಗೆ ಒರಗಿ ಶಾಲು ಹೊದ್ದು ಕೂತಿದ್ದಳು. ಮನೆಯಲ್ಲಿ ಇದ್ದವರು ಮೂವರೇ. ಮಾವ ಒಳಗೆ ಬಂದರು. ಮಣೆಯ ಮೇಲೆ ಕೂತರು. ಹಸಿವು ತಂದು ಕೂರಿಸಿತೋ, ಬೇರೆ ಏನೋ, ಅವರಿಗೇ ಗೊತ್ತು. ಶಿವಬಸಮ್ಮ ತಟ್ಟೆ ಇಟ್ಟು ಮುದ್ದೆ ತಂದರು. ಮಾವ ತಟ್ಟೆಯ ಮೇಲೆ ಅಂಗೈ ಅಡ್ಡ ಹಿಡಿದರು.

"ಆವತ್ತೇ ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ಏನ್ ಮಾಡ್ತಿದ್ರಿ?"

"ನಾನು ಕೇಳಿದ್ದಕ್ಕೆ ಉತ್ತರ ಕೊಡು. ನಲವತ್ತು ವರ್ಷ. ಒಂದು ದಿನ ಹೇಳಬೇಕು ಅನ್ನಿಸಲಿಲ್ವಾ?"

"ದಿನಾ ಅನ್ನಿಸ್ತಿತ್ತು. ಮೊದಲು ನೀವು ಹೇಳಿ. ಆವತ್ತು ಹೇಳಿದ್ರೆ ಏನ್ ಮಾಡ್ತಿದ್ರಿ?"

ಜನರು ಕರಿಬಸವಯ್ಯನವರನ್ನು ಏನು ಬೇಕಾದರೂ ಅನ್ನಬಹುದು, ಸುಳ್ಳುಗಾರ ಎನ್ನುವ ಹಾಗಿರಲಿಲ್ಲ. ಆ ಕಾಲದ ಇಪ್ಪತ್ತೆರಡರ ಹುಡುಗನನ್ನು ಎಲ್ಲಿಂದಲೋ ಕರೆದು ತಂದು ನಿಲ್ಲಿಸಿಕೊಂಡು ಕೇಳುವಷ್ಟು ಹೊತ್ತು ಹಿಡಿಯಿತು.

"ನಿಮ್ಮಪ್ಪನ ಮನೆಗೆ ಕಳಿಸಿಬಿಡ್ತಿದ್ದೆ," ಎಂದರು.

"ವಾಪಸ್ಸು ಕರ್ಕೊಂಡು ಬರ್ತಿದ್ರಾ?"

"ನಮ್ಮಪ್ಪ ಬಿಡ್ತಿರಲಿಲ್ಲ."

"ನಿಮ್ಮಪ್ಪನ್ನ ಕೇಳ್ಲಿಲ್ಲ ನಾನು."

"ಇಲ್ಲ," ಎಂದರು ಕರಿಬಸವಯ್ಯ. "ಬರ್ತಿರಲಿಲ್ಲ."

"ಹಂಗಾದ್ರೆ ಕೈ ತೆಗೀರಿ. ಮುದ್ದೆ ಆರ್ತದೆ."

ಕೈ ಹಾಗೆಯೇ ಇತ್ತು. ಶಿವಬಸಮ್ಮ ಬಗ್ಗಿದವರು ಬಗ್ಗಿಯೇ ನಿಂತಿದ್ದರು. ವಯಸ್ಸಾದ ಸೊಂಟ, ನೋಯುತ್ತಿದ್ದಿರಬೇಕು. ಆದರೂ ನೆಟ್ಟಗಾಗಲಿಲ್ಲ. ಮಾವನ ಬೆರಳುಗಳು ಮೊದಲು ಸಡಿಲವಾದವು. ಆಮೇಲೆ ಕೈ ತಟ್ಟೆಯಿಂದ ಜಾರಿ ತೊಡೆಯ ಮೇಲೆ ಬಂತು. ಅತ್ತೆ ಮುದ್ದೆ ಇಟ್ಟರು, ಸೊಪ್ಪಿನ ಸಾರು ಬಿಟ್ಟರು, ತುಪ್ಪ ಹಾಕಿದರು.

ಸಾರಿನ ಪಾತ್ರೆ ಹಿಡಿದು ತಿರುಗಿದಾಗ ಗೋಡೆಯ ಹತ್ತಿರ ಕೂತ ಸೊಸೆ ಅವರ ಕಣ್ಣಿಗೆ ಬಿದ್ದಳು. ಅವಳು ಕಣ್ಣು ಮಿಟುಕಿಸದೆ ಮಾವನ ಕೈಯನ್ನೇ ನೋಡುತ್ತಿದ್ದಳು.

"ಇದನ್ನೂ ಬರೀತೀಯಾ ಮಂಗಳಾ?"

ಇಲ್ಲ ಅತ್ತೆ ಎನ್ನಬೇಕಿತ್ತು. ಎರಡೇ ಮಾತು. ಅವಳಿಗೆ ಶಿವಬಸಮ್ಮನ ಮೇಲೆ ಇದ್ದ ಪ್ರೀತಿ ಸುಳ್ಳಲ್ಲ, ಆದ ನೋವೂ ಸುಳ್ಳಲ್ಲ. ಆದರೆ ಒಳಗೆ ಆಗಲೇ ಸಾಲು ಏಳುತ್ತಿತ್ತು. ಮೊದಲು ಬೆರಳು, ಆಮೇಲೆ ಕೈ, ಆಮೇಲೆ ತೊಡೆ. ನೆಟ್ಟಗಾಗದ ಸೊಂಟವನ್ನು ಎಲ್ಲಿ ಹೇಳಬೇಕು ಎಂದು ಮನಸ್ಸು ಜಾಗ ಹುಡುಕುತ್ತಿತ್ತು. ಇನ್ನೊಂದು ಸಲ ಸುಳ್ಳು ಮಾತು ಕೊಡಲು ಅವಳಿಂದ ಆಗಲಿಲ್ಲ. ಬರೆಯುತ್ತೇನೆ ಎಂದು ಆ ಮುಖ ನೋಡಿ ಹೇಳಲೂ ಆಗಲಿಲ್ಲ.

ಶಿವಬಸಮ್ಮ ಕಾದರು. ಉತ್ತರ ಬಾರದೆ ಹೋದಾಗ ಪಾತ್ರೆಯನ್ನು ಒಲೆಯ ಪಕ್ಕ ಇಟ್ಟರು. ದನಿಯಲ್ಲಿ ಸಿಟ್ಟಿರಲಿಲ್ಲ.

"ಶಾಲು ಸರಿಯಾಗಿ ಹೊದ್ಕೊಂಡು ಸ್ವಲ್ಪ ಹಿತ್ತಲಿಗೆ ಹೋಗವ್ವ. ಬಾಗಿಲು ಎಳ್ಕೊಂಡು ಹೋಗು. ನಾನೂ ಅವರೂ ಮಾತಾಡ್ಬೇಕು."

ಆ ಮನೆಗೆ ಬಂದ ಆರು ವರ್ಷದಲ್ಲಿ ಅತ್ತೆ ಅವಳನ್ನು ಅಡುಗೆಮನೆಯಿಂದ ಹೊರಗೆ ಹೋಗು ಎಂದದ್ದು ಅದೇ ಮೊದಲು. ಸರ್ವಮಂಗಳಾ ಗೋಡೆ ಹಿಡಿದು ಎದ್ದಳು. ಮಾವ ತುತ್ತು ಮುರಿದು ಬಾಯಿಗಿಟ್ಟರೋ ಇಲ್ಲವೋ, ಅವಳು ನೋಡಲಿಲ್ಲ. ಬಾಗಿಲು ಎಳೆದುಕೊಂಡು ಬಂದು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು.

ಒಳಗೆ ಮಾತು ಶುರುವಾಯಿತು. ಮೊದಲು ಅತ್ತೆಯ ದನಿ, ತಗ್ಗಿದ ದನಿ, ಬಹಳ ಹೊತ್ತು. ನಡುವೆ ಮಾವ ಒಂದು ಮಾತು ಕೇಳಿದರು. ಮತ್ತೆ ಅತ್ತೆ. ಆಮೇಲೆ ಇಬ್ಬರಲ್ಲಿ ಯಾರೋ ಅಳುತ್ತಿದ್ದರು. ಯಾರೆಂದು ಅಲ್ಲಿಂದ ತಿಳಿಯುತ್ತಿರಲಿಲ್ಲ. ಅಡುಗೆಮನೆಯ ಕಿಟಕಿ ತೆರೆದೇ ಇತ್ತು, ಐದು ಹೆಜ್ಜೆ ನಡೆದರೆ ಎಲ್ಲವೂ ಕೇಳಿಸುತ್ತಿತ್ತು. ಸರ್ವಮಂಗಳಾ ಎರಡು ಕೈಯಲ್ಲೂ ಕಲ್ಲಿನ ಅಂಚು ಹಿಡಿದುಕೊಂಡು ಕೂತಲ್ಲೇ ಕೂತಳು.